ಪೂಜೆಗೆ ಇಟ್ಟಿದ್ದ ಸಮುದ್ರಯಾನದ ನಕ್ಷೆ

ಬರವಣಿಗೆಯ ಅಭ್ಯಾಸವಿಲ್ಲದ ನಾನು ಈ ಸಂಗತಿಯನ್ನು ನಡೆದಂತೆಯೇ ನಿವೇದಿಸಿಕೊಳ್ಳುತ್ತಿದ್ದೇನೆ. ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕು.

ಅರವತ್ತರ ದಶಕದ ಆರಂಭದಲ್ಲಿ ನಾನು ಹುಬ್ಬಳ್ಳಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಮುದ್ರವನ್ನು ಒಮ್ಮೆಯೂ ಕಂಡವನಲ್ಲ. ಆದರೂ ಹಿಂದಿನ ಕಾಲದ ನಾವಿಕರು ಬರೆದ ಇಂಗ್ಲಿಷ್ ಯಾನಕಥನಗಳ ಮೊದಲ ಮುದ್ರಣಗಳನ್ನು ಸಂಗ್ರಹಿಸುವ ಹುಚ್ಚು ನನಗಿತ್ತು. ದುರ್ಗದಬೈಲಿನ ರದ್ದಿ ಅಂಗಡಿಯೊಂದರಲ್ಲಿ ಅಂತಹ ಕಥನವೊಂದರ ಮೊದಲನೆಯ ಸಂಪುಟ ದೊರೆಯಿತು. ಇಡೀ ಯಾನದ ಮಾರ್ಗವನ್ನು ತೋರಿಸುವ ಮಡಚು ನಕ್ಷೆ ಅದರೊಳಗೆ ಹರಿಯದೆ ಉಳಿದಿತ್ತು. ಅದೇ ಮುದ್ರಣದ ಎರಡನೆಯ ಸಂಪುಟ ಧಾರವಾಡದ ನಿವೃತ್ತ ಮಾಸ್ತರರೊಬ್ಬರ ಬಳಿ ಇತ್ತು. ಅನೇಕ ವರ್ಷ ಅವರು ಅದನ್ನು ನಕ್ಷೆಯಿಲ್ಲದೆಯೇ ಓದಿಕೊಂಡಿದ್ದರು.

ದಸರೆಯ ಖಂಡೇಪೂಜೆಯ ದಿನ, ನನ್ನಲ್ಲಿ ನಕ್ಷೆಯಿರುವ ಸುದ್ದಿ ತಿಳಿದು, ಅವರು ಗೋಪನಕೊಪ್ಪದ ನಮ್ಮ ಮನೆಗೆ ಬಂದರು. ಪದ್ಧತಿಯಂತೆ ನನ್ನ ಪುಸ್ತಕಗಳೆಲ್ಲ ದೇವರ ಮುಂದೆ ಪೂಜೆಗೊಂಡಿದ್ದವು, ಮರುದಿನದವರೆಗೆ ತೆರೆಯುವಂತಿರಲಿಲ್ಲ.

"ಕಣ್ಣಿನ ನರ ಒಣಗಾಕತ್ತಾವು ಅಂತ ಡಾಕ್ಟರು ಹೇಳ್ಯಾರ್ರಿ. ಆ ನಕ್ಷೆ ಒಮ್ಮೆ ನೋಡಿ ಹೋಗ್ತೇನಿ," ಎಂದರು ಮಾಸ್ತರರು.

"ಪೂಜಿಗೆ ಇಟ್ಟಾವ್ರಿ ಸರ. ಇವತ್ತ ಮುಟ್ಟೂ ಹಂಗಿಲ್ಲ," ಎಂದೆ.

ಅವ್ವ ಒಳಗಿನಿಂದಲೇ ಕೂಗಿದಳು: "ಸರಸ್ವತಿಗೆ ನಾ ಹೇಳ್ಕೋತೇನಿ, ತಗದು ತೋರಸಪಾ. ನೀ ಯಾವಾಗಿಂದ ಇಷ್ಟ ಮಡಿವಂತ ಆದಿ? ಮುಂಜಾನೆ ಜಳಕಕ್ಕ ಏಳಸಾಕ ಮೂರ ಸಲ ಒದರಬೇಕು!"

"ಇರ್ಲಿ ಬಿಡ್ರಿ ಅವ್ವಾರ," ಎಂದು ಮಾಸ್ತರರು ನಕ್ಕರು. "ವರ್ಷಕ್ಕ ಒಂದಿನ ಸೂಟಿ ಸಿಕ್ಕೇತಿ ಸರಸ್ವತಿಗೆ."

ಸದರಿ ನಿರಾಕರಣೆಗೆ ಪದ್ಧತಿ ಕಾರಣವಾಗಿರಲಿಲ್ಲ. ನಕ್ಷೆ ಕಂಡ ಮೇಲೆ, ಎರಡೂ ಸಂಪುಟ ಒಂದೆಡೆ ಇರಲೆಂದು ಅವರು ನನ್ನದನ್ನು ಕೇಳಿಯಾರೆಂಬ ಭಯವಿತ್ತು. ಬನ್ನಿ ಕೊಡುವ ನೆಪದಲ್ಲಿ ಮರುದಿನವೇ ಹೋಗಬಹುದಿತ್ತು, ಹೋಗಲಿಲ್ಲ. ಮುಂದೆ, ನಕ್ಷೆ ನೋಡಲು ಯಾವಾಗ ಬರಲೆಂದು ಕೇಳಿ ಅವರಿಂದ ಕಾರ್ಡು ಬಂದಾಗಲೂ, ಕಚೇರಿಯ ಕೆಲಸದ ನಿಮಿತ್ತ ಸದ್ಯ ಅನುಕೂಲವಿಲ್ಲವೆಂದು ಉತ್ತರ ಬರೆದೆ.

ಸಂಕ್ರಾಂತಿ ಕಳೆದ ಮೇಲೆ, ಮನಸ್ಸು ತಡೆಯದೆ, ಪುಸ್ತಕ ತೆಗೆದುಕೊಂಡು ಧಾರವಾಡಕ್ಕೆ ಹೋದೆ. ಮಾಸ್ತರರು ನನ್ನನ್ನು ಧ್ವನಿಯಿಂದ ಗುರುತಿಸಿದರು. ನಾನು ಕ್ಷಮೆ ಕೋರಲು ಬಾಯಿ ತೆರೆಯುವಷ್ಟರಲ್ಲಿ, "ನಕ್ಷೆ ತಂದೀರೇನ್ರಿ? ಬಿಚ್ಚರಿ," ಎಂದರು.

ತೊಡೆಯ ಮೇಲೆ ನಕ್ಷೆ ಹರವಿಕೊಂಡು, ಗೆರೆಯ ಗುಂಟ ಇದ್ದ ಬಂದರುಗಳ ಹೆಸರುಗಳನ್ನು ಓದತೊಡಗಿದೆ.

"ಹೆಸರೆಲ್ಲಾ ನನಗ ಬಾಯಿಪಾಠ ಅದಾವ್ರಿ. ಗೆರಿ ಹೆಂಗ ಹೋಗೇತಿ, ಅದನ್ನ ಹೇಳ್ರಿ."

ಕೆಳಗೆ, ಆಮೇಲೆ ಬಲಕ್ಕೆ, ಮತ್ತೆ ಸ್ವಲ್ಪ ಮೇಲಕ್ಕೆ ಎಂದೆ. ಅವರು ತಲೆಯಾಡಿಸುತ್ತ ಕೇಳಿದರು. ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಲು ನನ್ನಿಂದ ಆಗಲಿಲ್ಲ.