ಗುಡ್ರುನ್ ಅಜ್ಜಿಯ ಕೆಂಪು ಸೈಕಲ್

ತೆಕ್ಲೆಗೆ ಬಾರದ ವಿದ್ಯೆ ಒಂದೇ ಒಂದು. ಆದರೆ ಓಡೆನ್ಸೆ ಊರಿನಲ್ಲಿ ಅದೊಂದು ಬಾರದಿದ್ದರೆ ಮಿಕ್ಕಿದ್ದೆಲ್ಲ ಬಂದೂ ಪ್ರಯೋಜನವಿಲ್ಲ. ಅದು ಸೈಕಲ್ ಸವಾರಿ. ಅವಳು ಹುಟ್ಟಿ ಬೆಳೆದ ಟಿಬಿಲಿಸಿಯ ಬೀದಿ ಗುಡ್ಡಕ್ಕೆ ಒರಗಿಸಿಟ್ಟ ಏಣಿಯ ಹಾಗಿತ್ತು. ಅಲ್ಲಿ ಯಾರಾದರೂ ಸೈಕಲ್ ಹತ್ತಿದರೆ ನೆರೆಹೊರೆಯವರು ಓಡಿಹೋಗಿ ಅವನ ತಾಯಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಇಲ್ಲಿ ನೋಡಿದರೆ ಹಾಲುಹಲ್ಲಿನ ಮಕ್ಕಳಿಂದ ಹಿಡಿದು ಹಲ್ಲು ಕಟ್ಟಿಸಿಕೊಂಡ ಮುದುಕರವರೆಗೆ ಎಲ್ಲರೂ ಸೈಕಲ್ ಮೇಲೆಯೇ.

ಬಾರದು ಎಂದು ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು. ಹೇಳಬೇಕಲ್ಲ! ಜಾರ್ಜಿಯಾದವರಿಗೆ ಪರವೂರಿನವರ ಮುಂದೆ ‘ಬರಲ್ಲ’ ಎನ್ನುವುದೆಂದರೆ ಮನೆಗೆ ಬಂದ ನೆಂಟರಿಗೆ ಊಟವಿಲ್ಲ ಎಂದಷ್ಟೇ ಅವಮಾನ. ಮಕ್ಕಳ ಶಿಕ್ಷಣ ಓದುತ್ತಿದ್ದ ತೆಕ್ಲೆ ಒಂದು ಸೆಮಿಸ್ಟರ್ ಮಟ್ಟಿಗೆ ಡೆನ್ಮಾರ್ಕಿಗೆ ಬಂದಿದ್ದಳು. ಊರಾಚೆಯ ಕಾಡಿನಲ್ಲಿ ನಡೆಯುವ ಶಿಶುವಿಹಾರವೊಂದರಲ್ಲಿ ಅವಳಿಗೆ ತರಬೇತಿ. ಅಲ್ಲಿನ ಮುಖ್ಯಸ್ಥ ಆಸ್ಗರ್ ಮೊದಲ ದಿನವೇ ಕೇಳಿದ್ದ: “ಸೈಕಲ್ ಹೊಡೀತೀಯ ತಾನೇ?”

“ಅದೂ ಒಂದು ಕೇಳೋ ಮಾತಾ?” ಎಂದು ನಕ್ಕುಬಿಟ್ಟಿದ್ದಳು.

ಆ ನಗುವಿನ ದಂಡವನ್ನು ಅವಳ ಕಾಲು ತೆತ್ತಿತು. ವಿದ್ಯಾರ್ಥಿವೇತನ ಸಾಲುತ್ತಿರಲಿಲ್ಲ, ದಿನಾ ಬಸ್ಸು ಹತ್ತಿದರೆ ರಾತ್ರಿಯ ಊಟಕ್ಕೆ ಕತ್ತರಿ. ಆ ಊಟವಾದರೂ ಏನು, ಬೇಯಿಸಿದ ಹುರುಳಿಕಾಯಿ ಬೀಜ, ಒಂದು ತುಂಡು ಕರಿ ಬ್ರೆಡ್ಡು. ಹೀಗಾಗಿ ಕೋಳಿ ಕೂಗುವ ಮೊದಲೇ ಎದ್ದು, ಹೊಲದ ಬದಿಯ ಹಾದಿ ಹಿಡಿದು, ಕೆಸರು ತುಳಿದುಕೊಂಡು ನಡೆದೇ ಹೋಗುತ್ತಿದ್ದಳು. ಕೇಳಿದವರಿಗೆಲ್ಲ ಸೈಕಲ್ ರಿಪೇರಿಗೆ ಹೋಗಿದೆ ಎನ್ನುತ್ತಿದ್ದಳು. ಶಿಶುವಿಹಾರದ ಪುಟ್ಟ ಸಿಗ್ನೆ ಅವಳನ್ನು ಕಂಡ ಕೂಡಲೇ ವಿಚಾರಿಸುತ್ತಿದ್ದಳು: “ನಿನ್ನ ಸೈಕಲ್‌ಗೆ ಇನ್ನೂ ಜ್ವರ ಬಿಟ್ಟಿಲ್ವಾ?”

ವಸಂತ ಬಂದು ಬೀಚ್ ಮರಗಳು ಚಿಗುರಿದಾಗ ಆಸ್ಗರ್ ಹೇಳಿದ: “ಮೇ ಕೊನೇಲಿ ಎಲ್ಲರೂ ಸೈಕಲ್ ಮೇಲೆ ಕಡಲತೀರಕ್ಕೆ ಹೋಗ್ತೀವಿ. ಎರಡನೇ ಸಾಲಿನ ಮಕ್ಕಳಿಗೆ ನೀನೇ ಮುಂದಾಳು. ಆ ದಿನ ನೋಡಿಕೊಂಡೇ ನಿನ್ನ ತರಬೇತಿ ಪಾಸೋ ಫೇಲೋ ಬರೆಯೋದು.”

ತರಬೇತಿ ಹೋದರೆ ಸೆಮಿಸ್ಟರೇ ಹೋದಂತೆ. ಬಸ್ ನಿಲ್ದಾಣದವರೆಗೂ ಬಂದು ಬೀಳ್ಕೊಟ್ಟ ಟಿಬಿಲಿಸಿಯ ಬೀದಿಯ ಜನರಿಗೆ ಏನೆಂದು ಮುಖ ತೋರಿಸುವುದು?

ಅವಳ ಗುಟ್ಟನ್ನು ಹಿಡಿದದ್ದು ಮನೆಯೊಡತಿ ಗುಡ್ರುನ್. ಜೀವಮಾನವಿಡೀ ಸೈಕಲ್ ತುಳಿದು ಅಂಚೆ ಹಂಚಿ ನಿವೃತ್ತಳಾದ ಒಂಟಿ ಮುದುಕಿ. ತೋಟದ ಕಳೆ ಕಿತ್ತುಕೊಡುವ ಕರಾರಿನ ಮೇಲೆ ನೆಲಮಾಳಿಗೆಯ ಕೋಣೆಯನ್ನು ಕಡಿಮೆ ಬಾಡಿಗೆಗೆ ಕೊಟ್ಟಿದ್ದಳು. ತೆಕ್ಲೆ ಅಜ್ಜಿ ಎಂದು ಕರೆದರೆ “ನನಗೊಂದು ಹೆಸರಿದೆ” ಎಂದು ಮೊದಮೊದಲು ಗದರುತ್ತಿದ್ದಳು, ಆಮೇಲೆ ಸುಮ್ಮನಾದಳು. ಹೊಗಳಿಕೆಯಲ್ಲಂತೂ ಮಹಾ ಜಿಪುಣಿ. ಆ ಸೀಮೆಯವರೇ ಹಾಗೆ. ಸ್ವರ್ಗವನ್ನೇ ತಂದು ಮುಂದಿಟ್ಟರೂ “ಅಷ್ಟೇನೂ ಕೆಟ್ಟದಾಗಿಲ್ಲ” ಎಂದಾರು, ಅದರ ಮೇಲೆ ಒಂದಕ್ಷರ ಹೆಚ್ಚಿಗೆ ಹೇಳರು.

ಒಂದು ಸಂಜೆ ಬಾಗಿಲಲ್ಲಿದ್ದ ತೆಕ್ಲೆಯ ಶೂಗಳನ್ನು ಗುಡ್ರುನ್ ಮಗುಚಿ ನೋಡಿದಳು. ಅಟ್ಟೆ ಸವೆದು ತೂತು ಬಿದ್ದಿತ್ತು.

“ನಿನಗೆ ಸೈಕಲ್ ಬರಲ್ಲ, ಅಲ್ವೇನೇ?”

ತೆಕ್ಲೆಗೆ ಅಳುವೇ ಬಂತು. “ಯಾರಿಗೂ ಹೇಳ್ಬೇಡಿ ಅಜ್ಜಿ.”

“ಹೇಳೋಕೇನಿದೆ? ಬಾ ಆಚೆಗೆ.”

ಕೊಟ್ಟಿಗೆಯಿಂದ ಅಂಚೆಯ ಹಳೇ ಕೆಂಪು ಸೈಕಲ್ ಹೊರಬಂತು. ಚರ್ಚಿನ ಹಿಂದಿನ ಖಾಲಿ ಅಂಗಳದಲ್ಲಿ ಪಾಠ ಶುರುವಾಯಿತು. ಗುಡ್ರುನ್ ಮೊದಲು ಪೆಡಲ್‌ಗಳನ್ನೇ ಬಿಚ್ಚಿ ಕೋಟಿನ ಜೇಬಿಗಿಳಿಸಿ, ನೆಲವನ್ನು ಕಾಲಿನಿಂದ ಒದ್ದುಕೊಂಡು ಹೋಗು ಎಂದಳು. ತೆಕ್ಲೆ ಬೇಲಿಯ ಮೇಲೆ ಬಿದ್ದಳು, ಹುಲ್ಲಿನ ಮೇಲೆ ಬಿದ್ದಳು, ಒಮ್ಮೆ ಪಾದ್ರಿಯ ಕಾರಿಗೂ ಗುದ್ದಿದಳು.

“ಇಡೀ ಅಂಗಳ ಖಾಲಿ ಇದೆ, ನಿನಗೆ ಆ ಕಾರೇ ಬೇಕಿತ್ತಾ?”

“ನಾನಲ್ಲ ಅಜ್ಜಿ, ನಿಮ್ಮ ಸೈಕಲ್ಲೇ ಎಳ್ಕೊಂಡು ಹೋಯ್ತು!”

“ಹೂಂ. ಇಷ್ಟು ವರ್ಷ ನನ್ನ ಹತ್ರ ಸಾಧುವಾಗಿತ್ತು. ಸಹವಾಸ ದೋಷ.”

ಮೊಣಕಾಲಿನ ಗಾಯ ಒಣಗುವ ಹೊತ್ತಿಗೆ ಪೆಡಲ್‌ಗಳು ಸ್ವಸ್ಥಾನಕ್ಕೆ ಮರಳಿದ್ದವು. ತೆಕ್ಲೆ ಅಂಗಳವನ್ನು ಸುತ್ತತೊಡಗಿದಳು. ಕೈಬಿಟ್ಟರೆ ಮಾತ್ರ ಓಲಾಡುತ್ತಿದ್ದಳು, ಅದಕ್ಕೇ ಎರಡೂ ಕೈಯಲ್ಲಿ ಹ್ಯಾಂಡಲನ್ನು ಅವುಚಿ ಹಿಡಿಯುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಧೈರ್ಯ ಮಾಡಿ ದೊಡ್ಡ ರಸ್ತೆಯ ಸೈಕಲ್ ಹಾದಿಗೆ ಇಳಿದಳು. ಹಿಂದೆಯೇ ತನ್ನ ಇನ್ನೊಂದು ಸೈಕಲ್ ಮೇಲೆ ಗುಡ್ರುನ್. ಎದುರು ಬದಿಯಲ್ಲಿ ಸಹಪಾಠಿಯೊಬ್ಬಳು ಕಂಡಳು. ತೆಕ್ಲೆಗೆ ಹಿಗ್ಗು ತಡೆಯಲಾಗಲಿಲ್ಲ, ಇಲ್ನೋಡೇ ಎಂದು ಒಂದು ಕೈಯನ್ನು ಮೇಲೆತ್ತಿಯೇ ಬಿಟ್ಟಳು.

ಕಿರ್ರೆಂದು ಬ್ರೇಕುಗಳು ಕೂಗಿದವು. ಆಫೀಸಿಗೆ ಹೊರಟ ಇಡೀ ಸಾಲು ಬೆನ್ನ ಹಿಂದೆ ಗಕ್ಕನೆ ನಿಂತಿತು. ತೆಕ್ಲೆಯೊಬ್ಬಳೇ ತೂರಾಡುತ್ತ ಮುಂದೆ ಹೋಗಿ ಒಂದು ಕಂಬವನ್ನು ತಬ್ಬಿಕೊಂಡಳು.

“ನಿಲ್ತೀನಿ ಅಂದ್ಮೇಲೆ ನಿಲ್ಲಬೇಕು ತಾಯಿ!” ಎಂದು ಕೋಟಿನವನೊಬ್ಬ ಸಿಡುಕಿ ಹೋದ.

ಗುಡ್ರುನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಸೈಕಲ್ ಮೇಲಿದ್ದಾಗ ಇಲ್ಲಿ ಕೈಯೆತ್ತಿದ್ರೆ ಹಿಂದಿನವರಿಗೆ ಮಾತು ಕೊಟ್ಟ ಹಾಗೆ. ನಿಲ್ತೀನಿ ಅಂತ. ಎತ್ತಿದ್ಯೋ, ನಿಲ್ಲು. ಪೆಡಲನ್ನ ಹಿಂದಕ್ಕೆ ಒತ್ತಿದ್ರೆ ಬ್ರೇಕು, ಅದಕ್ಕೆ ಕೈ ಬೇಕಾಗಿಲ್ಲ. ನಾಳೆಯಿಂದ ಅದೇ ಪಾಠ.”

ಆ ಪಾಠವೇ ತೆಕ್ಲೆಗೆ ಹತ್ತಲಿಲ್ಲ. ಕೈಯೆತ್ತಿದಾಗಲೆಲ್ಲ ಸೈಕಲ್ ಹಾವಿನಂತೆ ಹರಿಯುತ್ತಿತ್ತು. ಕಡಲತೀರಕ್ಕೆ ಹೊರಡುವ ದಿನವೂ ಬಂದೇಬಿಟ್ಟಿತು. ಗುಡ್ರುನ್ ಗೇಟಿನವರೆಗೂ ಬಂದು ಟೈರನ್ನು ಒತ್ತಿ ನೋಡಿ, “ಹೋಗು” ಎಂದಳು, ಅಷ್ಟೇ.

ಮುಂದಿನ ಸಾಲಿನಲ್ಲಿ ಆಸ್ಗರ್, ಎರಡನೆಯದಕ್ಕೆ ತೆಕ್ಲೆ. ಅವಳ ಬೆನ್ನಿಗೆ ಬಣ್ಣಬಣ್ಣದ ಹೆಲ್ಮೆಟ್ಟುಗಳ ಪುಟಾಣಿ ಸೈನ್ಯ. “ಜ್ವರ ಬಿಡ್ತು!” ಎಂದು ಸಿಗ್ನೆ ಎಲ್ಲರಿಗೂ ಸಾರಿದಳು. ಹಳದಿ ಸಾಸಿವೆ ಹೊಲಗಳ ನಡುವಿನ ಇಳಿಜಾರು. ಕೆಳಗೆ ಕಡಲು ಹೊಳೆಯುತ್ತಿತ್ತು. ಆಸ್ಗರ್‌ನ ಸಾಲು ತಿರುವನ್ನು ದಾಟಿ ಮರೆಯಾಗಿತ್ತು. ಆಗ ಪಕ್ಕದ ಹೊಲದ ದಾರಿಯಿಂದ ಟ್ರೈಲರ್ ಎಳೆದುಕೊಂಡು ಟ್ರ್ಯಾಕ್ಟರ್ ಒಂದು ಮೂತಿ ಹೊರಹಾಕಿತು. ಬೇಲಿ ಎತ್ತರವಿತ್ತು, ಚಾಲಕನಿಗೆ ಮಕ್ಕಳು ಕಾಣುವಂತಿರಲಿಲ್ಲ.

ಯೋಚಿಸುವಷ್ಟು ಹೊತ್ತಿರಲಿಲ್ಲ. ತೆಕ್ಲೆ ಕೈಯೆತ್ತಿದಳು. ನೆಟ್ಟಗೆ, ತಲೆಯ ಮಟ್ಟಕ್ಕೆ. ಪೆಡಲನ್ನು ಹಿಂದಕ್ಕೆ ಒತ್ತಿದಳು. ಕೆಂಪು ಸೈಕಲ್ ಅಲುಗದೆ ನಿಂತಿತು. ತಿರುಗಿ ನೋಡಿದರೆ ಹಿಂದೆ ಉದ್ದಕ್ಕೂ ಪುಟ್ಟ ಪುಟ್ಟ ಕೈಗಳು ಮೇಲೆದ್ದಿದ್ದವು, ಒಂದು ಮಗುವೂ ಸಾಲು ತಪ್ಪಿರಲಿಲ್ಲ. ಟ್ರ್ಯಾಕ್ಟರ್ ಗುಡುಗುಡು ಎಂದು ಅಡ್ಡ ದಾಟಿತು. ಆಗಷ್ಟೇ ಅವರನ್ನು ಕಂಡ ಚಾಲಕ ಬೆಚ್ಚಿ ಟೋಪಿ ತೆಗೆದ. ತೆಕ್ಲೆಯ ಮನಸ್ಸು ಕುಣಿಯುತ್ತಿತ್ತು.

ಕಡಲತೀರದಲ್ಲಿ ಅವಳು ಆಸ್ಗರ್‌ಗೆ ಎಲ್ಲವನ್ನೂ ಒಪ್ಪಿಸಿದಳು. “ಮೊದಲ ದಿನ ನಾನು ಹೇಳಿದ್ದು ಸುಳ್ಳು. ನನಗೆ ಬರ್ತಿರ್ಲಿಲ್ಲ.”

“ಗೊತ್ತು. ಇಷ್ಟು ದಿನ ರಿಪೇರಿಯಾಗೋ ಸೈಕಲ್ ಈ ಊರಲ್ಲಿ ಇನ್ನೂ ಹುಟ್ಟಿಲ್ಲ,” ಎಂದ ಅವನು. “ಬರಲ್ಲ ಅಂತ ನೀನೇ ಬಂದು ಹೇಳ್ತೀಯ ಅಂತ ಕಾದೆ. ನೀನು ಕಲಿತೇ ಬಂದೆ. ನೀವು ಕಾಣ್ಲಿಲ್ಲ ಅಂತ ತಿರುವಿಗೆ ವಾಪಸ್ ಬಂದಿದ್ದೆ, ಆ ಸಾಲು ನಿಂತಿದ್ದನ್ನ ಅಲ್ಲಿಂದ ನೋಡ್ದೆ. ಅಷ್ಟೇನೂ ಕೆಟ್ಟದಾಗಿರ್ಲಿಲ್ಲ. ಪಾಸು.”

ಸಂಜೆ ಬೀದಿಯ ತಿರುವಿಗೆ ಬಂದ ತೆಕ್ಲೆ ಬೆರಗಾದಳು. ಗುಡ್ರುನ್‌ಳ ತೋಟದ ಕಂಬದಲ್ಲಿ ಬಾವುಟ ಹಾರುತ್ತಿತ್ತು. ಆ ಬೀದಿಯಲ್ಲಿ ಮನೆಯವರ ಹುಟ್ಟುಹಬ್ಬಕ್ಕೋ ಮಕ್ಕಳು ಪರೀಕ್ಷೆ ಗೆದ್ದುದಕ್ಕೋ ಬಾವುಟ ಏರುವುದು. ಗುಡ್ರುನ್‌ಳ ಹುಟ್ಟುಹಬ್ಬ ಮಾರ್ಚ್‌ನಲ್ಲೇ ಮುಗಿದಿತ್ತು. ಮನೆಯಲ್ಲಿ ಇನ್ನಾರೂ ಇರಲಿಲ್ಲ.

ಗೇಟಿನ ಮುಂದೆ ಕೈಯೆತ್ತಿ, ನಿಂತು, ಇಳಿದಳು. “ಇವತ್ತಿನ ಬಾವುಟ ಯಾರದು ಅಜ್ಜಿ?”

“ನಿಂದೇ, ಮತ್ತೆ ಯಾರದು?”

“ಪಾಸಾಗಿದ್ದು ನಿಮಗೆ ಆಗ್ಲೇ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಬೆಳಿಗ್ಗೆ ನೀನು ಆ ತಿರುವು ದಾಟಿದ ಕೂಡ್ಲೇ ಏರಿಸ್ದೆ.”

ತೆಕ್ಲೆ ಸೈಕಲನ್ನು ಬೇಲಿಗೆ ಒರಗಿಸಿದಳು. “ನಾನು ಬಿದ್ದಿದ್ರೆ?”

“ಬಿದ್ದಿದ್ರೂ ಸಂಜೆಗೆ ತಾನೇ ಇಳಿಸೋದು,” ಎಂದಳು ಗುಡ್ರುನ್. “ಹೊತ್ತು ಮುಳುಗ್ತಾ ಇದೆ, ಆ ತುದಿ ಹಿಡ್ಕೋ, ಮಡಚೋಣ.”