ಗಂಟಲಿಗೊಂದು ಸುಂಕ

ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯ ಜನರೆಲ್ಲ ಮೆಷಿನ್ ಮಾವ ಎಂದೇ ಕರೆಯುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿಯವನು. ಆದರೆ ಅವನ ಹಟದಿಂದ ಯಾರಿಗೂ ಕೆಡುಕಾದದ್ದಿಲ್ಲ. ಹಳೇ ಬೆಲ್ಟನ್ನು ಹೊಸದೆಂದು ಕೊಟ್ಟ ಅಂಗಡಿಯವನ ಮುಂದೆ ಬದಲಿಸಿ ಕೊಡುವವರೆಗೂ ಕದಲದೆ ನಿಲ್ಲುವುದು, ಚಿಲ್ಲರೆ ಬಾಕಿ ಉಳಿಸಿಕೊಂಡ ಕಂಡಕ್ಟರನ ಬೆನ್ನು ಹತ್ತಿ ತನ್ನ ಸ್ಟಾಪು ದಾಟಿ ಹೋಗುವುದು, ಇಷ್ಟೇ. ಹೆಂಡತಿ ಅದನ್ನೆಲ್ಲ ಕಥೆ ಕಟ್ಟಿ ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದಳು.

ಅಂಗಡಿಯ ಹಿಂಭಾಗ ಅವನದು, ಮುಂಭಾಗ ಅವಳದು. ಒಳಗೆ ಅವನು ಎಣ್ಣೆ ಮೆತ್ತಿದ ಕೈಯಲ್ಲಿ ಮೆಷಿನ್ನಿನ ಹೊಟ್ಟೆ ಬಿಚ್ಚಿ ಕೂತಿದ್ದರೆ, ಹೊರಗೆ ಅವಳು ಗುಂಡಿ, ದಾರ, ಜಿಪ್ಪು, ಲೇಸು ಮಾರುತ್ತಿದ್ದಳು. ಮಾರುತ್ತಿದ್ದಳು ಅನ್ನುವುದಕ್ಕಿಂತ ಮಾತಾಡುತ್ತಿದ್ದಳು ಅನ್ನಬೇಕು. ಬಿಳಿ ದಾರಕ್ಕೆಂದು ಬಂದ ಹೆಂಗಸು ಬಿಳಿ ದಾರವನ್ನೂ, ಅರ್ಧ ಡಜನ್ ಗುಂಡಿಯನ್ನೂ, ಅತ್ತೆಯ ಮಂಡಿನೋವಿಗೊಂದು ಮದ್ದನ್ನೂ ಕೇಳಿಕೊಂಡೇ ಹೋಗಬೇಕು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಮೆಷಿನ್ ಮಾವ ಒಳಗಿನಿಂದಲೇ ಗೊಣಗುತ್ತಿದ್ದ. ಗೊಣಗುತ್ತಲೇ ಕಿವಿಯನ್ನು ಆ ಕಡೆಗೇ ಇಟ್ಟಿರುತ್ತಿದ್ದ.

ಆ ಬಾಯಿಯನ್ನು ಅವಳಿಗೆ ಕೊಟ್ಟವಳು ಅವಳ ಅಕ್ಕ. ತಾಯಿ ಸತ್ತಾಗ ಇವಳಿನ್ನೂ ತೊದಲುವ ಕೂಸು. ಅಕ್ಕನೇ ಎತ್ತಿ ಆಡಿಸಿ, ತಿದ್ದಿ ತೀಡಿ ಮಾತು ಕಲಿಸಿದಳು. ಮದುವೆಯಾದ ಮೇಲೆ ಇಬ್ಬರೂ ದೂರದೂರದ ಊರಿನವರಾದರು. ಅಕ್ಕನ ಊರು ಮುಟ್ಟಬೇಕಾದರೆ ರೈಲಿನಲ್ಲಿ ಎರಡು ಹಗಲು ಕೂರಬೇಕು. ಆದರೂ ವಾರಕ್ಕೊಮ್ಮೆ ಫೋನು ತಪ್ಪುತ್ತಿರಲಿಲ್ಲ. ಅಕ್ಕನ ಕಣ್ಣು ಪೂರಾ ಹೋದ ಮೇಲಂತೂ ಆ ಫೋನೇ ಅವಳ ಪಾಲಿನ ಬೆಳಕಾಗಿತ್ತು.

ಹೀಗಿರುವಾಗ ತಂಗಿಯ ದನಿ ಒಡೆಯಿತು. ಶೀತ ಅಂದುಕೊಂಡರು. ಬಿಸಿನೀರು, ಉಪ್ಪುನೀರು ಆಯಿತು. ಕೊನೆಗೆ ಡಾಕ್ಟರು ಗಂಟಲೊಳಗೆ ಗಡ್ಡೆ ಕಂಡು, ಮೆಷಿನ್ ಮಾವನೊಬ್ಬನನ್ನೇ ಪಕ್ಕದ ಕೋಣೆಗೆ ಕರೆದರು.

"ಜೀವ ಉಳಿಸಬಹುದು. ದನಿ ಉಳಿಸೋಕಾಗಲ್ಲ," ಅಂದರು.

ಆಪರೇಷನ್ ಆಯಿತು. ಕತ್ತಿನ ಬುಡದಲ್ಲಿ ಉಸಿರಾಡಲೊಂದು ತೂತು ಉಳಿಯಿತು. ಅಂಗಡಿಯ ಮುಂಭಾಗದಲ್ಲಿ ಈಗ ಗಿರಾಕಿಗಳು ತಮಗೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಅವಳು ಮೂಗಿಯಾದಳೇ ಹೊರತು ಕಿವುಡಿಯಾಗಿರಲಿಲ್ಲ. ಅವರೇಕೆ ಮಾತು ಬಿಟ್ಟರೋ ಗೊತ್ತಿಲ್ಲ. ಅವಳೊಂದು ಸ್ಲೇಟು ಇಟ್ಟುಕೊಂಡಳು. ಆದರೆ ಕಣ್ಣು ಕಾಣದ ಅಕ್ಕನಿಗೆ ಸ್ಲೇಟಿನಿಂದೇನು ಉಪಯೋಗ? ಫೋನು ಬಂದಾಗ ಮೆಷಿನ್ ಮಾವ ಮಾತಾಡುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಫೋನಿನ ಬೆನ್ನಿಗೆ ಉಗುರಿನಿಂದ ಕುಟ್ಟುತ್ತಿದ್ದಳು.

"ಅದು ಅವಳೇನಪ್ಪಾ?" ಅಕ್ಕ ಕೇಳುತ್ತಿದ್ದಳು.

"ಅವಳೇ ಅತ್ತಿಗೆ."

"ಬಾಗಿಲು ತಟ್ಟಿದ ಹಾಗಿದೆ. ಒಳಗೆ ಬಾ ಅಂದರೂ ಬರಲ್ಲ ನೋಡು," ಅನ್ನುತ್ತಿದ್ದಳು ಅಕ್ಕ. ನಗುವುದಕ್ಕೆ ಹೋಗಿ ಕೆಮ್ಮುತ್ತಿದ್ದಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರಮ್ಮ ಒಬ್ಬರಿದ್ದರು. ಗಂಟಲಿಗೆ ಒತ್ತಿಕೊಂಡರೆ ಮಾತು ಹೊರಡಿಸುವ, ಟಾರ್ಚಿನಂಥ ಯಂತ್ರವೊಂದನ್ನು ಅವರೇ ತೋರಿಸಿದರು. ತುಟಿ ಆಡಿಸಿದರೆ ಸಾಕು, ದನಿಯನ್ನು ಯಂತ್ರ ಕೊಡುತ್ತದೆ. ಆಸ್ಪತ್ರೆಯದು ಹಳತು, ಬರೀ ಗುಂಯ್‌ಗುಡುತ್ತಿತ್ತು. ಒಳ್ಳೆಯದು ಬೇಕಾದರೆ ಹೊರದೇಶದಿಂದ ತರಿಸಬೇಕು. ಮೆಷಿನ್ ಮಾವ ಹಿಂದೆಮುಂದೆ ನೋಡದೆ ತರಿಸಲು ಹೇಳಿದ. ಆ ವಾರ ಫೋನಿನಲ್ಲಿ ಅತ್ತಿಗೆಗೂ ಹೇಳಿಬಿಟ್ಟ.

"ಹಾಗಾದರೆ ಅಕ್ಕಾ ಅಂತಾಳಾ?"

"ಅಂತಾಳೆ ಅತ್ತಿಗೆ. ನೀವೇ ಸಾಕು ಮಾಡೇ ಅನ್ನೋ ತನಕ ಅಂತಾಳೆ."

ಯಂತ್ರ ಸಮುದ್ರ ದಾಟಿ ಬಂತು. ಬಂದದ್ದು ಕಸ್ಟಮ್ಸ್‌ನವರ ಗೋದಾಮಿಗೆ. ದೊಡ್ಡ ಅಂಚೆ ಕಚೇರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಉದ್ದನೆಯ ಸಾಲು. ಗಾಜಿನ ಹಿಂದೆ ಕೂತ ಅಧಿಕಾರಿ ಮೇಡಂ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಕಟ್ಟಬೇಕಾದ ಸುಂಕ ಹೇಳಿದರು. ಯಂತ್ರದ ಬೆಲೆಯ ಹೆಚ್ಚುಕಡಿಮೆ ಅರ್ಧದಷ್ಟಿತ್ತು.

"ಇದು ಕಾಯಿಲೆಯವರ ಸಾಮಾನು ಮೇಡಂ. ಇದಕ್ಕೆ ಸುಂಕ ಇಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದಾರೆ."

"ಇರಬಹುದು. ಆದರೆ ಕಳಿಸಿದವರು ಪೆಟ್ಟಿಗೆ ಮೇಲೆ ಧ್ವನಿ ಉಪಕರಣ ಅಂತ ಬರೆದುಬಿಟ್ಟಿದಾರೆ. ಹಾಡು ಕೇಳೋ ಸಾಮಾನಿನ ಲೆಕ್ಕಕ್ಕೆ ಬರುತ್ತೆ."

"ಹಾಡು ಕೇಳೋದಲ್ಲ ಇದು, ನಮ್ಮನೆಯವಳ ಗಂಟಲು. ಗಂಟಲಿಗೂ ಸುಂಕ ಹಾಕ್ತೀರಾ?"

ಹಿಂದೆ ನಿಂತಿದ್ದವನೊಬ್ಬ, "ಸುಂಕದವರ ಮುಂದೆ ಸುಖದುಃಖ ಹೇಳ್ಕೋಬಾರದು ಯಜಮಾನ್ರೇ," ಅಂದ. ಸಾಲಿನವರೆಲ್ಲ ನಕ್ಕರು. ಮೇಡಂ ನಗಲಿಲ್ಲ. "ಇವತ್ತು ಕಟ್ಟಿ ಬಿಡಿಸ್ಕೊಂಡು ಹೋಗಿ. ಆಮೇಲೆ ಡಾಕ್ಟರ ಪತ್ರ ಇಟ್ಟು ಅರ್ಜಿ ಹಾಕಿ, ವಾಪಸ್ ಕೊಡ್ತಾರೆ," ಎಂದು ದನಿ ತಗ್ಗಿಸಿ ಹೇಳಿದರು.

ದುಡ್ಡು ಅವನ ಜೇಬಿನಲ್ಲೇ ಇತ್ತು. ಆದರೆ ಆ ನಗು ಅವನಿಗೆ ನಾಟಿತ್ತು. ಒಳಗೆ ಹೋದ ದುಡ್ಡು ಹೊರಗೆ ಬಂದದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಟ್ಟಿದರೆ ಅವಳ ಗಂಟಲು ಹಾಡು ಕೇಳುವ ಸಾಮಾನು ಎಂದು ತಾನೇ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿತು.

"ನ್ಯಾಯವಾಗಿ ಬರಬೇಕಾದ್ದು ನ್ಯಾಯವಾಗಿಯೇ ಬರಲಿ," ಅಂದು ಬರಿಗೈಯಲ್ಲಿ ಮನೆಗೆ ಬಂದ.

ಹೆಂಡತಿ ಸ್ಲೇಟಿನಲ್ಲಿ ಬರೆದಳು: ಕಟ್ಟಿಬಿಡಿ.

"ನಿಂಗೊತ್ತಾಗಲ್ಲ, ಸುಮ್ನಿರು. ಒಂದೆರಡು ವಾರದ ಮಾತು."

ಅವಳು ಬರೆದದ್ದನ್ನು ಒರೆಸಲಿಲ್ಲ. ಸ್ಲೇಟನ್ನು ಅವನ ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟು ಎದ್ದುಹೋದಳು.

ಒಂದೆರಡು ವಾರ ಎಲ್ಲಿ ಮುಗಿಯುತ್ತದೆ? ಡಾಕ್ಟರ ಪತ್ರ ತಂದರೆ ಆಸ್ಪತ್ರೆಯ ಮೊಹರಿಲ್ಲ ಅಂದರು. ಮೊಹರು ಹಾಕಿಸಿದರೆ ಪರಿಶೀಲಿಸುವವರು ರಜೆಯಲ್ಲಿದ್ದಾರೆ ಅಂದರು. ಅವನೂ ಸೋಲಲಿಲ್ಲ. ರಿಪೇರಿ ಕೆಲಸ ಬದಿಗಿಟ್ಟು ಬೆಳಗ್ಗೆಯೇ ಹೋಗಿ ಶೆಡ್ಡಿನ ಬೆಂಚಿನ ಮೇಲೆ ಕೂರುತ್ತಿದ್ದ. ಯಾರೂ ಕೆಟ್ಟವರಾಗಿರಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಕೆಲಸ ಮಾತ್ರ ಇರುವೆ ಬೆಟ್ಟ ಹತ್ತಿದ ಹಾಗೆ ಸಾಗುತ್ತಿತ್ತು.

ಈ ನಡುವೆ ಅತ್ತಿಗೆ ಹಾಸಿಗೆ ಹಿಡಿದಳು. ಹೋಗಿ ನೋಡಿ ಬರೋಣವೆಂದರೆ ಡಾಕ್ಟರು ಕೇಳಲಿಲ್ಲ. ಕತ್ತಿನ ಗಾಯ ಹಸಿಯಾಗಿದೆ, ರೈಲಿನ ಧೂಳು ನೇರ ಎದೆಗೇ ಇಳಿಯುತ್ತದೆ ಅಂದರು. ಆ ವಾರ ಫೋನಿನಲ್ಲಿ ಅತ್ತಿಗೆಯ ಮಾತು ತೀರಾ ಸಣ್ಣಗಾಗಿತ್ತು.

"ಬಂತೇನಪ್ಪಾ ಅದು?"

"ಬಂದಿದೆ ಅತ್ತಿಗೆ. ಇಲ್ಲೇ ಊರಲ್ಲೇ ಇದೆ. ಈ ವಾರ ಖಂಡಿತ."

"ನಿಧಾನ ಆಗಲಿ. ನಾನೆಲ್ಲಿ ಹೋಗ್ತೀನಿ," ಅಂದಳು.

ಹೆಂಡತಿ ಗಂಡನ ಮುಖವನ್ನೊಮ್ಮೆ ನೋಡಿದಳು. ಫೋನಿಗೆ ಕುಟ್ಟಿದಳು. ಕುಟ್ಟುತ್ತಲೇ ಇದ್ದಳು. ಅತ್ತ ಕಡೆ ಫೋನು ಇಟ್ಟಾಗಿತ್ತು.

ಮುಂದಿನ ಫೋನು ಬಂದದ್ದು ಅತ್ತಿಗೆಯ ಮಗನಿಂದ. ಬೆಳಗ್ಗೆ ಎಬ್ಬಿಸಲು ಹೋದರೆ ಅಮ್ಮ ಏಳಲಿಲ್ಲ ಎಂದ. ಮೆಷಿನ್ ಮಾವ ಕೈಲಿದ್ದ ಸ್ಕ್ರೂಡ್ರೈವರನ್ನು ಎಲ್ಲಿಡಬೇಕೆಂದು ತೋಚದೆ ಹಾಗೇ ಹಿಡಿದುಕೊಂಡು ಮುಂಭಾಗಕ್ಕೆ ಬಂದ. ಅವಳು ಅವನನ್ನು ನೋಡಿದ್ದೇ ತಿಳಿದುಕೊಂಡಳು. ಎದುರಿಗಿದ್ದ ಗಿರಾಕಿಗೆ ಲೇಸು ಅಳೆಯುತ್ತಿದ್ದವಳು ಅಳತೆ ಮುಗಿಸಿ, ಕತ್ತರಿಸಿ, ಸುತ್ತಿ ಕೊಟ್ಟು, ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅವಳ ಅಳುವಿಗೂ ದನಿಯಿರಲಿಲ್ಲ. ಕತ್ತಿನ ತೂತಿನಿಂದ ಗಾಳಿ ಮಾತ್ರ ಸುಯ್ಯೆಂದು ಬಂದು ಹೋಗುತ್ತಿತ್ತು. ಹೊಲಿಗೆ ಮೆಷಿನ್ನಿನ ಸಣ್ಣ ಸದ್ದನ್ನೂ ಗುರುತು ಹಿಡಿಯುತ್ತಿದ್ದ ಆ ಮನುಷ್ಯನಿಗೆ ಆ ಸದ್ದು ಕೇಳಿ ತಡೆಯಲಾಗಲಿಲ್ಲ. ಬೀದಿಗೆ ಹೋದ.

ಕೆಲವು ದಿನಗಳಾದ ಮೇಲೆ ಸುಂಕ ಮಾಫಿಯಾಯಿತು. ಮೇಡಂ ಗಾಜಿನ ಹಿಂದಿನಿಂದ ಎದ್ದು ಬಂದು, "ನೀವೇ ಗೆದ್ದಿರಿ ಯಜಮಾನ್ರೇ. ಒಂದು ಪೈಸೆ ಕೊಡಬೇಕಾಗಿಲ್ಲ," ಎಂದು ಪೆಟ್ಟಿಗೆ ಕೈಗಿಟ್ಟರು. ಅವನು ತಲೆಯಾಡಿಸಿದ.

ಪೆಟ್ಟಿಗೆ ಬಹಳ ದಿನ ಅಂಗಡಿಯ ಮೂಲೆಯಲ್ಲೇ ಬಿದ್ದಿತ್ತು. ಟೀಚರಮ್ಮ ಮನೆಗೇ ಬಂದು ಒತ್ತಾಯ ಮಾಡಿದ ಮೇಲೆ ಅವಳು ಅದನ್ನು ಗಂಟಲಿಗೆ ಒತ್ತಿಕೊಂಡಳು. ಹೊರಟ ದನಿ ಹೆಂಗಸಿನದೂ ಅಲ್ಲ, ಗಂಡಸಿನದೂ ಅಲ್ಲ. ತಗಡಿನ ಡಬ್ಬಿಯೊಳಗೆ ದುಂಬಿ ಕೂತು ಮಾತಾಡಿದ ಹಾಗೆ. ಅಭ್ಯಾಸವಾಗುತ್ತಾ ಬಂದಂತೆ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಒಂದು ಮಧ್ಯಾಹ್ನ ತಾನಾಗಿಯೇ ಅಕ್ಕನ ಮನೆಗೆ ಫೋನು ಹಚ್ಚಿಸಿದಳು. ಮಗನೇ ಎತ್ತಿದ.

"ನಾನು. ಚಿಕ್ಕಮ್ಮ," ಅಂದಳು.

ಅತ್ತ ಕಡೆ, "ಯಾರ್ರೀ ಅದು, ತಮಾಷೆನಾ?" ಎಂದು ಫೋನು ಇಟ್ಟುಬಿಟ್ಟ.

ಮೆಷಿನ್ ಮಾವ ಮತ್ತೆ ಹಚ್ಚಿದ. "ಅದು ನಿಮ್ಮ ಚಿಕ್ಕಮ್ಮನೇ ಕಣಪ್ಪಾ. ಯಂತ್ರ ಬಂತು," ಅಂದ. ಅತ್ತ ಕಡೆಯಿಂದ ಹುಡುಗನ ಹಾಗೆ ಬಿಕ್ಕಿದ ಸದ್ದು ಬಂತು. ಅವನಿಗಾಗಲೇ ತಲೆ ನರೆತಿತ್ತು. "ಅಮ್ಮ ಕೊನೇ ದಿನದ ತನಕ ಫೋನನ್ನ ದಿಂಬಿನ ಹತ್ತಿರಾನೇ ಇಡಿಸ್ಕೊಂಡಿದ್ಲು ಚಿಕ್ಕಪ್ಪಾ," ಅಂದ.

ಅಂದು ಅವರಿಬ್ಬರೂ ಊಟ ಮಾಡಲಿಲ್ಲ. ಕತ್ತಲಾಗುವ ಹೊತ್ತಿಗೆ ಅವನು ಅವಳೆದುರು ಬಂದು ಕೂತ.

"ಒಂದು ಸಲ ಬೈದುಬಿಡೇ. ನನ್ನ ಹಟಕ್ಕೆ ಬೆಂಕಿ ಬೀಳ. ನೀನು ಬೈಯದೇ ಇದ್ದರೆ ನಂಗೆ ತಡೆಯೋಕಾಗ್ತಿಲ್ಲ."

ಅವಳು ಯಂತ್ರವನ್ನು ಗಂಟಲಿಗೆ ಹಿಡಿದಳು.

"ಬೈಯೋಕೆ. ನನ್ನ ದನೀನೇ. ಬೇಕು," ಅಂದಳು.

ಆಮೇಲಿನ ವರ್ಷಗಳಲ್ಲಿ ಅವಳು ಆ ದನಿಯಲ್ಲೇ ಗುಂಡಿ ದಾರ ಮಾರಿದಳು, ಲೆಕ್ಕ ಹೇಳಿದಳು, ಹಾಲಿನವನೊಂದಿಗೆ ಜಗಳವಾಡಿದಳು. ಕಥೆ ಮಾತ್ರ ಹೇಳಲಿಲ್ಲ. ಮೆಷಿನ್ ಮಾವನಿಗೆ ಆಗಾಗ ಅಂಗಡಿ ಬಿಟ್ಟು ಆ ಶೆಡ್ಡಿನ ಕಡೆಗೆ ಹೋಗುವುದು ಅಭ್ಯಾಸವಾಯಿತು. ಗಾಜಿನ ಮುಂದೆ ಯಾರಾದರೂ ದನಿಯೇರಿಸಿ ವಾದಿಸುತ್ತಿದ್ದರೆ ಹತ್ತಿರ ಹೋಗಿ ನಿಲ್ಲುತ್ತಿದ್ದ. ಒಮ್ಮೆ ಒಬ್ಬ ನಡುವಯಸ್ಸಿನವನು ತಂದೆಯ ಗಾಲಿಕುರ್ಚಿಗೆ ತರಿಸಿದ ಬ್ಯಾಟರಿಗೆ ಸುಂಕ ಕಟ್ಟುವುದಿಲ್ಲ, ಕೋರ್ಟಿಗಾದರೂ ಹೋಗುತ್ತೇನೆ ಎಂದು ಮೇಜು ಕುಟ್ಟುತ್ತಿದ್ದ.

"ನಿಮ್ಮ ಮಾತೇ ಸರಿ," ಅಂದ ಮೆಷಿನ್ ಮಾವ. "ಇವತ್ತು ಕಟ್ಟಿಬಿಡಿ. ಸಾಮಾನು ಮನೆ ಸೇರಲಿ. ಜಗಳ ಎಲ್ಲಿಗೂ ಓಡಿಹೋಗಲ್ಲ."

"ನಿಮಗೇನು, ದುಡ್ಡು ಜಾಸ್ತಿ ಇರಬೇಕು," ಅಂದ ಆತ.

ಆತ ಒಂದಷ್ಟು ಹೊತ್ತು ಕೂಗಾಡಿ, ಕೊನೆಗೆ ಸಿಡಿಮಿಡಿಗುಟ್ಟುತ್ತಲೇ ದುಡ್ಡು ಎಣಿಸಿ ಕೊಟ್ಟು, ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಿರುಗಿಯೂ ನೋಡದೆ ಬಸ್ಸಿಗೆ ಓಡಿದ. ಆ ಬಸ್ಸು ಹೊರಟು ಮೂಲೆ ತಿರುಗುವವರೆಗೂ ಮೆಷಿನ್ ಮಾವ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ.