ಆಂಜನೇಯನ ಪಕ್ಕದ ಹೆಬ್ಬೆಟ್ಟು

ನನ್ನ ಗಂಡನಿಗೆ ಸರ್ಕಾರದ ನಾಣ್ಯಗಳು ಬೇಕಿರಲಿಲ್ಲ. ಕಂಪನಿಯ ಹೆಸರು ಹೊತ್ತೂ ಕಂಪನಿಗೇ ಗೊತ್ತಿಲ್ಲದ ತಾಮ್ರದ ಬಿಲ್ಲೆಗಳೆಂದರೆ ಪ್ರಾಣ. ಒಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿ, ಇನ್ನೊಂದು ಬದಿಗೆ ರಾಮನೋ ಆಂಜನೇಯನೋ. ಬ್ರಿಟಿಷರ ಕಾಲದಲ್ಲಿ ಯಾವುದೋ ಯಾತ್ರಾಸ್ಥಳದ ಬೀದಿಯಲ್ಲಿ ಯಾರೋ ಅಚ್ಚೊತ್ತಿ ಮಾರಿದ್ದು. "ಆ ಕಾಲ್ದಲ್ಲೂ ಇದಕ್ಕೆ ಒಂದು ಬೀಡಿ ಬರ್ತಿರ್ಲಿಲ್ಲ ಕಣೆ" ಎಂದು ನಗುತ್ತಿದ್ದರು.

ಆಂಜನೇಯನ ಬಿಲ್ಲೆ ಸಿಕ್ಕಿದ್ದು ಗುಂಡ್ಲುಪೇಟೆಯ ಹಳೇ ಪಾತ್ರೆ ಅಂಗಡಿಯಲ್ಲಿ. ಅಂಗಡಿಯ ಸಾಬರು ಅದನ್ನು ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ನಮಗಾಗಿಯೇ ಎತ್ತಿಟ್ಟಿದ್ದರು. "ಅಕ್ಕಿಕಾಳನ್ನ ಹತ್ರಕ್ಕೆ ಎಳೀತದೆ, ಕೋಟಿ ಬಾಳ್ತದೆ ಅಂತ ಹೇಳಿ ಕೊಟ್ಟೋದ್ರು ಸಾರ್. ಅಕ್ಕಿ ಪಕ್ಕ ಇಟ್ಟು ನೋಡ್ದೆ. ಇರುವೆ ಬಂತು, ಅಷ್ಟೇ."

ಚಾಮರಾಜನಗರಕ್ಕೆ ಬಸ್ಸು ಹತ್ತಿದೆವು. ತೆರಕಣಾಂಬಿ ದಾಟುವವರೆಗೂ ಇವರಿಗೆ ತಡೆಯಲಾಗಲಿಲ್ಲ. ಉಪ್ಪುಕಡಲೆ ತಿನ್ನುತ್ತಿದ್ದ ಕೈಯಲ್ಲೇ ಬಿಲ್ಲೆಯ ಪೊಟ್ಟಣ ಬಿಚ್ಚಿ, ಅದನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದರು. ಅಂಚು ಮಾತ್ರ ಹಿಡಿಯಬೇಕೆಂದು ನನಗೆ ಪಾಠ ಹೇಳುತ್ತಿದ್ದವರು! ಕಾನ್ವೆಂಟಿನಲ್ಲಿ ಫೋಟೋಗಳನ್ನೂ ಹಾಗೆ ಅಂಚಿನಲ್ಲೇ ಹಿಡಿಯಲು ಸಿಸ್ಟರ್ ಕಲಿಸಿದ್ದರಿಂದ ನಾನು ತಪ್ಪಿದ್ದೇ ಇಲ್ಲ. ಕೆಲವು ವಾರಗಳಲ್ಲಿ ಆಂಜನೇಯನ ಗದೆಯ ಪಕ್ಕ ಕಂದು ಗೆರೆಗಳು ಮೂಡಿದವು. ಉಪ್ಪು ತಾಮ್ರವನ್ನು ತಿಂದು, ಇವರ ಹೆಬ್ಬೆಟ್ಟು ಸುಳಿಸುಳಿಯಾಗಿ ಕಾಣುತ್ತಿತ್ತು. ನಡುವೆ ಈಳಿಗೆಮಣೆ ಕುಯ್ದಿದ್ದ ಗಾಯದ ಅಡ್ಡಗೆರೆ ಸಮೇತ.

"ಏನ್ ಸಾರ್, ರುಜು ಹಾಕೋಕೆ ಬರಲ್ವಾ?" ಎಂದು ಛೇಡಿಸಿದ್ದೆ.

"ಯಾರಿಗೂ ತೋರಿಸ್ಬೇಡ ಕಣೆ, ಮಾನ ಹೋಗುತ್ತೆ."

ಹೋದ ಮಾಘದಲ್ಲಿ, ಬಚ್ಚಲಿಗೆಂದು ಎದ್ದವರು ಬಾಗಿಲ ಬಳಿಯೇ ಕುಸಿದರು. ಎದೆಬಡಿತ ನಿಂತಿತ್ತು. ಮನೆ ತುಂಬ ಜನ. ಇವರ ಮೈವಾಸನೆಯಿದ್ದ ಅಂಗಿಗಳನ್ನು ಯಾರೋ ಒಗೆದು ಹಾಕಿದರು. ದಿಂಬಿನ ಚೀಲವೂ ಒಗೆತಕ್ಕೆ ಹೋಯಿತು. ಹೋಗಲಿ, ಆ ಬಿಲ್ಲೆ ಇದೆಯಲ್ಲ ಅಂದುಕೊಂಡೆ. ಜನ ಕರಗಿದ ಮೇಲೆ ಒಬ್ಬಳೇ ಕೂತು, ಅದರ ಮೇಲೆ ನನ್ನ ಬೆರಳು ಇಟ್ಟು ನೋಡಬೇಕು ಅಂತ.

ಇವರ ಪುಣ್ಯಸ್ಮರಣೆಗೆ ಇಟ್ಟಿದ್ದ ಶಿವಗಣಾರಾಧನೆಯ ಹಿಂದಿನ ದಿನ ಅತ್ತೆ, ಮನೆಯ ತಾಮ್ರವನ್ನೆಲ್ಲ ಹಿತ್ತಲಿಗೆ ತಂದು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಚೊಂಬು, ತಂಬಿಗೆ, ಆರತಿ ತಟ್ಟೆ. ತಟ್ಟೆಯೊಳಗೆ ಬಿಲ್ಲೆಗಳು ಹೊಸ ಚಿನ್ನದ ಹಾಗೆ.

"ಎಂಗ್ ಒಳೀತಾವೆ ನೋಡವ್ವ. ಕಿಲುಬು ಇಡ್ದು ಕರ್‍ರಗಾಗೋಗಿದ್ವು. ನನ್ ಮಗ ಇಟ್ಕಂಡಿದ್ದ ದ್ಯಾವ್ರು ಕಣವ್ವ, ಅಂಗೇ ಬುಡಾಕ್ ಆದದಾ?"

ಆಂಜನೇಯನನ್ನು ಎತ್ತಿಕೊಂಡು ಬೆಳಕಿಗೆ ಓರೆ ಹಿಡಿದೆ. ಗದೆಯ ಪಕ್ಕ ತೆಂಗಿನ ನಾರಿನ ಗೀರುಗಳು. ಬೇರೇನೂ ಇರಲಿಲ್ಲ. ಅತ್ತೆಯ ಹೆಬ್ಬೆರಳು ಹುಣಸೆಯ ಹುಳಿಗೆ ಸುಕ್ಕುಗಟ್ಟಿ ಕಪ್ಪಾಗಿತ್ತು. ಅಳುತ್ತಲೇ ಉಜ್ಜಿದ್ದರು, ಕೆನ್ನೆಯ ಮೇಲೆ ಹುಳಿ ಮೆತ್ತಿತ್ತು.

"ಚೆನ್ನಾಗಿದೆ ಅತ್ತೆ" ಎಂದೆ.

ಈಗ ಬಿಲ್ಲೆಗಳು ದೇವರ ಗೂಡಿನಲ್ಲಿವೆ. ಸೋಮವಾರ ಬಂದರೆ ಅತ್ತೆ ಅವನ್ನು ತೊಳೆದು, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಮತ್ತೆ ಇಡುತ್ತಾರೆ. ಸ್ವಲ್ಪ ಮಾಸಲೂ ಬಿಡುವುದಿಲ್ಲ. ಹುಣಸೆಹಣ್ಣು ನೆನೆಸಿ ಕೊಡುವವಳು ನಾನೇ.